ಡಾನರ್ ಪಾಸ್ ಮೇಲೆ ಸ್ನೋ: ಅಮ್ಮನ ಜೊತೆ ಟಾಹೋ ಪ್ರವಾಸ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಸ್ನೋ ಬೀಳಲ್ಲ. ಜನವರೀಲೂ ಒಂದು ಸ್ವೆಟರ್ ಹಾಕ್ಕೊಂಡ್ರೆ ಸಾಕು. ಸ್ನೋ ನೋಡ್ಬೇಕು ಅಂದ್ರೆ ಸಿಯೆರಾ ನೆವಾಡಾ ಬೆಟ್ಟ ಹತ್ಬೇಕು, ಅಂದ್ರೆ ಇಂಟರ್‌ಸ್ಟೇಟ್ 80 ಹಿಡ್ದು ಲೇಕ್ ಟಾಹೋ ಕಡೆ ಹೋಗ್ಬೇಕು. ಸ್ಯಾಕ್ರಮೆಂಟೋ ಹತ್ರ ಈ ರಸ್ತೆ ಹೆಚ್ಚುಕಮ್ಮಿ ಸಮುದ್ರ ಮಟ್ಟದಲ್ಲೇ ಇರತ್ತೆ, ಅಲ್ಲಿಂದ ಸುಮಾರು 90 ಮೈಲಿ ಹೋಗೋಷ್ಟರಲ್ಲಿ ಡಾನರ್ ಸಮಿಟ್, ಅಂದ್ರೆ ರಸ್ತೆ ಬೆಟ್ಟ ದಾಟೋ ನೆತ್ತಿ, 7,200 ಅಡಿಗಿಂತ ಎತ್ತರ. ಅಷ್ಟೇ ದೂರದಲ್ಲಿ ಹವಾಮಾನ ಪೂರ್ತಿ ಬದಲಾಗೋಗತ್ತೆ, ನಮ್ಮ ಕಡೆಯಿಂದ ಬಂದವರಿಗೆ ಇದು ಅನುಭವಕ್ಕೆ ಬರೋವರೆಗೂ ತಲೆಗೆ ಹತ್ತಲ್ಲ.

ಅಲ್ಲಿ ಯಾಕಷ್ಟು ಸ್ನೋ ಅಂದ್ರೆ ನಮ್ಮ ಆಗುಂಬೆ ಮಳೆ ಗೊತ್ತಿರೋರಿಗೆ ವಿವರಿಸೋದು ಸುಲಭ. ಅರಬ್ಬಿ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಬಂದು ಮೇಲೆ ಹತ್ತಿ ತಣ್ಣಗಾಗಿ ಮಳೆ ಸುರಿಸತ್ತಲ್ಲ, ಇಲ್ಲಿ ಪೆಸಿಫಿಕ್ ಸಾಗರದ ಗಾಳಿ ಸಿಯೆರಾ ಬೆಟ್ಟಕ್ಕೆ ಹೊಡೆದು ಅದೇ ಕೆಲಸ ಮಾಡತ್ತೆ, ಮೇಲೆ ಚಳಿ ಇರೋದ್ರಿಂದ ಅದು ಸ್ನೋ ಆಗಿ ಬೀಳತ್ತೆ. ಸೋಡಾ ಸ್ಪ್ರಿಂಗ್ಸ್ ಅನ್ನೋ ಊರಲ್ಲಿ ಬರ್ಕ್ಲಿ ಯೂನಿವರ್ಸಿಟಿಯವರ ಸ್ನೋ ಲ್ಯಾಬ್ ಒಂದಿದೆ, 1946ರಿಂದ ಅಳತೆ ಮಾಡ್ತಾ ಇದ್ದಾರೆ. 2022-23ರ ಒಂದು ಸೀಸನ್ನಲ್ಲಿ ಅಲ್ಲಿ ಬಿದ್ದಿದ್ದು ಒಟ್ಟು 754 ಇಂಚು, ಅಂದ್ರೆ 60 ಅಡಿ ದಾಟಿ. ಅದಕ್ಕಿಂತ ಜಾಸ್ತಿ ಬಿದ್ದಿದ್ದು 1951-52ರಲ್ಲಿ ಮಾತ್ರ, 812 ಇಂಚು.

2022-23ರ ಆ ಚಳಿಗಾಲದಲ್ಲೇ ಅಮ್ಮ ಸಕಲೇಶಪುರದಿಂದ ನಮ್ಮನೆಗೆ ಬಂದಿದ್ರು. ಸ್ನೋ ನೋಡ್ಬೇಕು ಅಂತ ಅವರಾಗೇ ಏನೂ ಕೇಳಿರ್ಲಿಲ್ಲ, ಮಗಳೇ ಅಜ್ಜಿಗೆ ಸ್ನೋ ತೋರಿಸ್ಲೇಬೇಕು ಅಂತ ಹಟ ಹಿಡಿದ್ಲು. ಜನವರಿ ಲಾಂಗ್ ವೀಕೆಂಡ್, ಫ್ರೆಂಡ್ ಫ್ಯಾಮಿಲಿ ಒಂದು ಎಸ್‌ಯುವಿಯಲ್ಲಿ, ನಾವು ನಮ್ಮ ಮಿನಿವ್ಯಾನಲ್ಲಿ. ಫೋರ್‌ಕಾಸ್ಟ್ ನೋಡಿದ್ವಿ, ಶನಿವಾರ ರಾತ್ರಿಯಿಂದ ಸ್ನೋ ಶುರು, ಹಗಲಲ್ಲಿ ಮೋಡ ಅಷ್ಟೇ ಅಂತಿತ್ತು. ಹಾಗಾಗಿ ಬೆಳಗಿನ ಜಾವ ಕತ್ತಲಿರುವಾಗ್ಲೇ ಹೊರಟ್ರೆ ಮಧ್ಯಾಹ್ನದೊಳಗೆ ಆರಾಮಾಗಿ ಟಾಹೋ ಸೇರ್ಕೋಬಹುದು ಅಂತ ಪ್ಲಾನ್. ಆದ್ರೆ ಸ್ಟಾರ್ಮ್ ಮುಂಚೇನೇ ಬಂತು, ಜೊತೆಗೆ ಸ್ನೋ ಲೆವೆಲ್ ಅಂದುಕೊಂಡಿದ್ದಕ್ಕಿಂತ ತುಂಬಾ ಕೆಳಗಿಳೀತು. ಯಾವ ಎತ್ತರದಿಂದ ಮೇಲೆ ಮಳೆ ಹೋಗಿ ಸ್ನೋ ಆಗತ್ತೋ ಅದು ಸ್ನೋ ಲೆವೆಲ್, ಅದು ಒಂದು ಸಾವಿರ ಅಡಿ ಕೆಳಗೆ ಬಂದ್ರೆ ಹೈವೇಯಲ್ಲಿ ಎಷ್ಟೋ ಮೈಲಿ ಮುಂಚೇನೇ ಸ್ನೋ ಸಿಗತ್ತೆ. ಆಬರ್ನ್ ದಾಟುವಾಗ ಜೋರು ಮಳೆ, ಕೋಲ್‌ಫ್ಯಾಕ್ಸ್‌ನಲ್ಲಿ ಪೆಟ್ರೋಲ್ ಫುಲ್ ಮಾಡ್ಸುವಾಗ ಮಳೆ ಜೊತೆ ಮಂಜಿನ ಚೂರು ಕೂಡ ಬೀಳ್ತಿತ್ತು, ಗೋಲ್ಡ್ ರನ್ ದಾಟಿದ್ಮೇಲೆ ರಸ್ತೆ ಪಕ್ಕ ಬಿಳಿ, ಆಮೇಲೆ ರಸ್ತೇನೇ ಬಿಳಿ.

ಮುಂದೆ ಮಿನುಗೋ ಬೋರ್ಡ್ ಬಂತು, ಚೈನ್ಸ್ ರಿಕ್ವೈರ್ಡ್ ಅಂತ, ಅಂದ್ರೆ ಸ್ನೋದಲ್ಲಿ ಜಾರದಂಗೆ ಟೈರ್ ಸುತ್ತ ಹಾಕೋ ಸರಪಳಿ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಚೈನ್ ಕಂಟ್ರೋಲ್‌ಗೆ ಮೂರು ಹಂತ ಇದೆ, ಊರಿಂದ ಹೊರಡೋ ಮುಂಚೇನೇ ತಿಳ್ಕೊಂಡಿರ್ಬೇಕು. ಆರ್-1 ಅಂದ್ರೆ ಚೈನ್ ಹಾಕ್ಬೇಕು, ಆದ್ರೆ ಸ್ನೋ ಟೈರ್ ಇರೋ ಸಾಮಾನ್ಯ ಕಾರಿಗೆ ವಿನಾಯ್ತಿ. ಆರ್-2 ಅಂದ್ರೆ ಫೋರ್ ವೀಲ್ ಅಥವಾ ಆಲ್ ವೀಲ್ ಡ್ರೈವ್ (ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗೋದು) ಇದ್ದು, ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇದ್ರೆ ಮಾತ್ರ ವಿನಾಯ್ತಿ, ಅವರ ಹತ್ರಾನೂ ಚೈನ್ ಡಿಕ್ಕೀಲಿ ಇರ್ಲೇಬೇಕು. ಆರ್-3ಯಲ್ಲಿ ಎಲ್ಲರೂ ಹಾಕ್ಬೇಕು, ಆ ಹಂತ ಬರೋಷ್ಟರಲ್ಲಿ ಸಾಮಾನ್ಯವಾಗಿ ರೋಡನ್ನೇ ಮುಚ್ಚಿಬಿಡ್ತಾರೆ. ಅವತ್ತು ಆರ್-2. ಫ್ರೆಂಡ್ ಗಾಡಿ ಆಲ್ ವೀಲ್ ಡ್ರೈವ್, ಚೆಕ್ ಮಾಡೋರು ಅವರ ಟೈರ್ ನೋಡಿ ಬಿಟ್ರು. ನಮ್ದು ಫ್ರಂಟ್ ವೀಲ್, ಸೋ ಮುಂದಿನ ಎರಡು ಚಕ್ರಕ್ಕೆ ಚೈನ್.

ಚೈನ್ ಹಾಕೋದನ್ನ ಮನೆ ಗ್ಯಾರೇಜಲ್ಲೇ ಒಂದ್ಸಲ ಪ್ರಾಕ್ಟೀಸ್ ಮಾಡ್ಕೊಂಡು ಹೋಗಿದ್ವಿ, ಅದು ನನ್ನ ಹೆಂಡ್ತಿ ಹೇಳಿ ಮಾಡ್ಸಿದ್ದು, ಅವಳಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ. ಗ್ಯಾರೇಜಲ್ಲಿ ಹತ್ತು ನಿಮಿಷದ ಕೆಲಸ, ಅಲ್ಲಿ ಸ್ನೋ ಮುಖಕ್ಕೆ ಹೊಡೀತಾ ಇರುವಾಗ, ಬೆರಳು ಮರಗಟ್ಟಿರುವಾಗ, ಕೊಕ್ಕೆ ಯಾವುದು ಕೊಂಡಿ ಯಾವುದು ಅಂತ ಕಣ್ಣಿಗೆ ಕಾಣ್ದೇ ಇರುವಾಗ ಬೇರೇನೇ ಕೆಲಸ ಅದು. ಚೈನನ್ನ ಟೈರ್ ಮೇಲೆ ಹೊದ್ದಿಸಿ, ಮೊದ್ಲು ಒಳಗಡೆ ಕೊಕ್ಕೆ ಸಿಗ್ಸಿ, ಆಮೇಲೆ ಹೊರಗಡೆದು, ಗಾಡಿ ಒಂಚೂರು ಮುಂದೆ ತಗೊಂಡು ಬಿಗಿ ಮಾಡಿ, ಸ್ವಲ್ಪ ದೂರ ಹೋಗಿ ನಿಲ್ಸಿ ಮತ್ತೆ ಬಿಗಿ ಮಾಡ್ಬೇಕು, ಈ ಕೊನೇದನ್ನ ಬಿಟ್ರೆ ಸಡಿಲ ಆದ ಚೈನ್ ಗಾಡಿ ಅಡಿಗೆ ಬಡಿದು ಬ್ರೇಕ್ ಪೈಪೇ ಹಾಳಾಗಬಹುದು. ಮಂಡಿ ಊರೋಕೆ ಹಳೇ ಯೋಗಾ ಮ್ಯಾಟ್ ತಗೊಂಡು ಹೋಗಿದ್ವಿ, ರಬ್ಬರ್ ಗ್ಲೌಸೂ ಇತ್ತು, ಉಣ್ಣೆ ಗ್ಲೌಸ್ ನೆಂದ್ರೆ ಇದ್ದೂ ಇಲ್ದಂಗೆ. ಹಾಕೋಕೆ ಬರದೇ ಇರೋರಿಗೆ ಅಲ್ಲಿ ನಂಬರ್ ಇರೋ ಬ್ಯಾಡ್ಜ್ ಹಾಕ್ಕೊಂಡಿರೋ ಚೈನ್ ಇನ್‌ಸ್ಟಾಲರ್ಸ್ ಇರ್ತಾರೆ, ದುಡ್ಡು ಕೊಟ್ರೆ ಹಾಕ್ಕೊಡ್ತಾರೆ, ಆದ್ರೆ ಚೈನ್ ಮಾರೋ ಹಾಗಿಲ್ಲ, ಅದು ನಮ್ಮ ಹತ್ರಾನೇ ಇರ್ಬೇಕು. ಇನ್ನೊಂದು, ಚೈನ್ ಹಾಕೋಕೆ ಅಂತಾನೇ ಬಿಟ್ಟಿರೋ ಜಾಗದಲ್ಲೇ ನಿಲ್ಸಿ ಹಾಕ್ಬೇಕು, ಓಡೋ ಲೇನ್ ಪಕ್ಕ ಕೂತು ಹಾಕೋದು ಪ್ರಾಣಕ್ಕೇ ಅಪಾಯ.

ಅಲ್ಲಿಂದ ಮುಂದೆ ಗಂಟೆಗೆ 30 ಮೈಲಿ ಲಿಮಿಟ್, ಅದಕ್ಕಿಂತ ಕಮ್ಮೀನೇ ಹೋದ್ವಿ. ಇಡೀ ಗಾಡಿ ಗಡಗಡ ಅಂತಿತ್ತು. ಅಮ್ಮ ಹಿಂದಿಂದ "ಏನೋ ಇದು ಟ್ರಾಕ್ಟರಲ್ಲಿ ಕೂತಂಗಿದೆ" ಅಂದ್ರು. ಸ್ನೋ ಮೇಲೆ ಓಡ್ಸುವಾಗ ಮನಸ್ಸಲ್ಲಿ ಇಟ್ಕೋಬೇಕಾದ್ದು ಒಂದೇ, ಒಂದ್ಸಲಕ್ಕೆ ಒಂದೇ ಕೆಲಸ. ತಿರುವಲ್ಲಿ ಬ್ರೇಕ್ ಹಾಕ್ಬೇಡಿ, ತಿರುವಿಗೆ ಮುಂಚೆ ನೇರ ರೋಡಲ್ಲೇ ಸ್ಪೀಡ್ ಇಳಿಸಿ, ಆಮೇಲೆ ಸ್ಟೀರಿಂಗ್, ಆಮೇಲೆ ಮೆಲ್ಲಗೆ ಆಕ್ಸಿಲರೇಟರ್. ಟೈರ್‌ಗೆ ಇರೋ ಹಿಡಿತ ಸ್ವಲ್ಪಾನೇ, ಅದನ್ನ ಬ್ರೇಕಿಗೂ ತಿರುಗ್ಸೋಕೂ ಒಟ್ಟಿಗೆ ಹಂಚೋಕೆ ಹೋದ್ರೆ ಎರಡೂ ಸಿಗಲ್ಲ. ಜೋರಾಗಿ ಬ್ರೇಕ್ ಒತ್ಲೇಬೇಕಾಗಿ ಬಂದ್ರೆ ಎಬಿಎಸ್ (ಚಕ್ರ ಲಾಕ್ ಆಗದಂಗೆ ತಡೆಯೋ ಬ್ರೇಕ್ ವ್ಯವಸ್ಥೆ) ಕೆಲಸ ಮಾಡುವಾಗ ಪೆಡಲ್ ಕಾಲಡಿ ಟಕಟಕ ಅಂತ ನಡುಗತ್ತೆ, ಹೆದರಿ ಕಾಲು ತೆಗೀಬಾರ್ದು, ಒತ್ತಿ ಹಿಡ್ಕೊಂಡೇ ಇರ್ಬೇಕು.

ಆಲ್ ವೀಲ್ ಡ್ರೈವ್ ಬಗ್ಗೆ ಒಂದ್ ಮಾತು ಹೇಳ್ಲೇಬೇಕು. ಅದು ಗಾಡೀನ ಮುಂದಕ್ಕೆ ಹೊರಡ್ಸೋಕೆ ಸಹಾಯ ಮಾಡತ್ತೆ, ನಿಲ್ಸೋಕೆ ಅಲ್ಲ. ಎಲ್ಲಾ ಕಾರಿಗೂ ಬ್ರೇಕ್ ನಾಲ್ಕು ಚಕ್ರಕ್ಕೇ, ಆಲ್ ವೀಲ್ ಡ್ರೈವ್ ಇದ್ರೂ ಐಸ್ ಮೇಲೆ ಜಾರತ್ತೆ. ಎಮಿಗ್ರಂಟ್ ಗ್ಯಾಪ್ ಹತ್ರ ನಮ್ಮನ್ನ ಓವರ್‌ಟೇಕ್ ಮಾಡ್ಕೊಂಡು ಹೋದ ದೊಡ್ಡ ಎಸ್‌ಯುವಿ ಒಂದು ಸಿಸ್ಕೋ ಗ್ರೋವ್ ಹತ್ರ ಉಲ್ಟಾ ದಿಕ್ಕಿಗೆ ಮುಖ ಮಾಡಿ ಸ್ನೋ ಗುಡ್ಡೆಗೆ ನುಗ್ಗಿ ನಿಂತಿತ್ತು. ಒಳಗಿದ್ದೋರು ಹೊರಗೆ ಬಂದು ಫೋನಲ್ಲಿ ಮಾತಾಡ್ತಾ ಇದ್ರು, ಯಾರಿಗೂ ಏನೂ ಆಗಿಲ್ಲ ಅಂತ ಕೈ ತೋರ್ಸಿದ್ರು, ಜೀವ ಬಂದಂಗಾಯ್ತು. ನನ್ನ ಫ್ರೆಂಡ್ ಅದನ್ನ ನೋಡಿದ್ಮೇಲೆ ನಮ್ಮ ಹಿಂದೇನೇ ಬಂದ, ಅಷ್ಟು ಗ್ಯಾಪ್ ಬಿಟ್ಟು ಅಂದ್ರೆ ಕನ್ನಡೀಲಿ ಅವನ ಲೈಟ್ ಮಾತ್ರ ಕಾಣ್ತಿತ್ತು.

ಕಿಂಗ್‌ವೇಲ್ ದಾಟಿ ಸ್ವಲ್ಪ ದೂರಕ್ಕೆ ಎಲ್ಲಾ ನಿಂತೋಯ್ತು. ಮೇಲೆ ಟ್ರಕ್ ಒಂದು ಅಡ್ಡ ತಿರುಗಿ ಎರಡು ಲೇನೂ ಮುಚ್ಚಿದೆ ಅಂತ ಕ್ಯಾಲ್ಟ್ರಾನ್ಸ್, ಅಂದ್ರೆ ಕ್ಯಾಲಿಫೋರ್ನಿಯಾ ಸಾರಿಗೆ ಇಲಾಖೆಯವರ ಕ್ವಿಕ್‌ಮ್ಯಾಪಲ್ಲಿ ಬಂತು. ಫೋನಿನ ಇನ್ನೊಂದು ಮ್ಯಾಪು ಪಕ್ಕದ ಹಳೇ ಹೈವೇ 40ಕ್ಕೆ ಇಳೀರಿ, ಬೇಗ ಹೋಗ್ಬಹುದು ಅಂತ ತೋರಿಸ್ತಾ ಇತ್ತು, ನಮ್ಮ ಮುಂದಿನ ಒಂದೆರಡು ಕಾರು ಇಳಿದೂ ಹೋದ್ವು. ನಾವು ಹೋಗ್ಲಿಲ್ಲ. ಪ್ಲೋ, ಅಂದ್ರೆ ಸ್ನೋ ಕೆರೆಯೋ ಗಾಡಿ, ಬರೋದು ಮೊದ್ಲು ಹೈವೇಗೆ, ಸಣ್ಣ ರೋಡಲ್ಲಿ ಸಿಕ್ಕಾಕೊಂಡ್ರೆ ಹುಡುಕ್ಕೊಂಡು ಬರೋರು ಯಾರೂ ಇರಲ್ಲ.

ಗಂಟೆಗಟ್ಲೆ ಕೂತ್ವಿ. ಎಂಜಿನ್ ಪೂರ್ತಿ ಹೊತ್ತು ಆನ್ ಇಡ್ಲಿಲ್ಲ, ಸ್ವಲ್ಪ ಹೊತ್ತು ಹೀಟರ್ ಹಾಕಿ ಆಫ್ ಮಾಡೋದು, ಚಳಿ ಏರಿದಾಗ ಮತ್ತೆ ಹಾಕೋದು. ಪ್ರತಿ ಸಲ ಆನ್ ಮಾಡೋ ಮುಂಚೆ ಇಳ್ದು ಹಿಂದೆ ಹೋಗಿ ಸೈಲೆನ್ಸರ್ ಪೈಪ್ ಸುತ್ತ ಸ್ನೋ ತೆಗೀತಾ ಇದ್ದೆ. ಇದನ್ನ ದಯವಿಟ್ಟು ಯಾರೂ ಮರೀಬೇಡಿ, ಆ ಪೈಪ್ ಮುಚ್ಚಿಕೊಂಡ್ರೆ ಕಾರ್ಬನ್ ಮೊನಾಕ್ಸೈಡ್ ಕಾರೊಳಗೇ ತುಂಬತ್ತೆ, ಅದಕ್ಕೆ ವಾಸನೆ ಇಲ್ಲ, ನಿದ್ದೆ ಬಂದಂಗೆ ಆಗಿ ಜೀವ ಹೋಗತ್ತೆ.

ಅಮ್ಮ ಮಾತ್ರ ಆರಾಮಾಗಿದ್ರು. ಸಕಲೇಶಪುರದೋರಿಗೆ ಶಿರಾಡಿ ಘಾಟ್ ಗೊತ್ತಲ್ಲ, ಮಳೆಗಾಲದಲ್ಲಿ ಗುಡ್ಡ ಕುಸಿದು ಬಸ್ಸಲ್ಲಿ ರಾತ್ರಿ ಎಲ್ಲಾ ಕೂತ ಕಥೆಗಳು ಅವರ ಹತ್ರ ಬೇಕಾದಷ್ಟಿದೆ, ಅದನ್ನೇ ಮೊಮ್ಮಗಳಿಗೆ ಹೇಳ್ತಾ ಬುತ್ತಿ ಬಿಚ್ಚಿದ್ರು. ಪುಳಿಯೋಗರೆ, ಚಕ್ಕುಲಿ, ಫ್ಲಾಸ್ಕಲ್ಲಿ ಕಾಫಿ. ನನ್ನ ಹೆಂಡ್ತಿ "ಅತ್ತೆ, ಸ್ವಲ್ಪ ಎತ್ತಿಡೋಣ, ಇನ್ನೂ ಎಷ್ಟೊತ್ತೋ ಗೊತ್ತಿಲ್ಲ" ಅಂದ್ಲು. "ಇಟ್ಟಿದೀನಿ ಕಣಮ್ಮ, ಅವಲಕ್ಕಿ ಬೇರೆ ಇದೆ" ಅಂದ್ರು ಅಮ್ಮ. ಪಕ್ಕದ ಲೇನಿನ ಕಾರಲ್ಲಿ ಕಾಲೇಜು ಹುಡುಗ್ರು ಬರೀ ಚಿಪ್ಸ್ ತಿಂತಾ ಕೂತಿದ್ರು, ಅವರಿಗೂ ಒಂದು ಡಬ್ಬಿ ಹೋಯ್ತು. ಮಕ್ಕಳ ಬಾತ್‌ರೂಮ್ ವಿಷಯ ಕಷ್ಟ ಆಯ್ತು, ಎರಡು ಗಾಡಿ ಬಾಗಿಲು ತೆಗ್ದು ಮಧ್ಯ ಬೆಡ್‌ಶೀಟ್ ಹಿಡ್ಕೊಂಡು ಹೇಗೋ ನಿಭಾಯಿಸಿದ್ವಿ.

ಅಲ್ಲೇ ಕೂತು ಮಗಳಿಗೆ ಈ ಜಾಗದ ಇತಿಹಾಸ ಹೇಳ್ದೆ. 1846ರಲ್ಲಿ ಎತ್ತಿನ ಬಂಡಿಗಳಲ್ಲಿ ಕ್ಯಾಲಿಫೋರ್ನಿಯಾ ಕಡೆ ಹೊರಟಿದ್ದ ಡಾನರ್ ತಂಡ, 87 ಜನ, ಈ ಬೆಟ್ಟ ದಾಟೋ ಮುಂಚೇನೇ ಸ್ನೋ ಶುರುವಾಗಿ ಆಚೆ ಕಡೆ ಕೆರೆ ಹತ್ರ ಸಿಕ್ಕಾಕೊಂಡ್ರು, ಚಳಿಗಾಲ ಪೂರ್ತಿ. ಹತ್ರಹತ್ರ ಅರ್ಧ ಜನ ಬದುಕಿ ಬರ್ಲಿಲ್ಲ. ಇನ್ನು 1952ರ ಜನವರೀಲಿ, ನಾವು ಆಗ ತಾನೇ ದಾಟಿ ಬಂದಿದ್ದ ಯೂಬಾ ಗ್ಯಾಪ್ ಹತ್ರ, ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ ಅನ್ನೋ ಟ್ರೇನು 226 ಜನರ ಸಮೇತ ಸ್ನೋದಲ್ಲಿ ಹೂತು ನಿಂತಿತ್ತು, ಜನ ಒಳಗೆ ಸುಮಾರು ಮೂರು ದಿನ ಸಿಕ್ಕಾಕೊಂಡಿದ್ರು, ಮೇಲೆ ಹೇಳಿದ 812 ಇಂಚಿನ ಸೀಸನ್ ಅದೇ. ಮಗಳು ಕೇಳಿದ್ದು "ಅವರಿಗೆ ಊಟ ಇತ್ತಾ?" ಅಂತ.

ಕತ್ತಲಾಗೋ ಹೊತ್ತಿಗೆ ಪ್ಲೋಗಳು ಸಾಲಾಗಿ ಬಂದ್ವು. ಆ ಡ್ರೈವರುಗಳ ಕೆಲಸ ನೋಡಿದ್ರೆ ಕೈ ಮುಗೀಬೇಕು ಅನ್ಸತ್ತೆ, ಹಗಲು ರಾತ್ರಿ ಅದೇ ರೋಡಲ್ಲಿ ಹಿಂದಕ್ಕೂ ಮುಂದಕ್ಕೂ, ಕೆರೆದು ಹೋದ ಜಾಗ ಅರ್ಧ ಗಂಟೇಲಿ ಮತ್ತೆ ಬಿಳಿ. ಆಮೇಲೆ ಹೈವೇ ಪ್ಯಾಟ್ರೋಲ್ ಪೊಲೀಸ್ ಗಾಡಿ ಮುಂದೆ ಹೋಗ್ತಾ ಎಲ್ಲರನ್ನೂ ನಿಧಾನವಾಗಿ ಕರ್ಕೊಂಡು ಹೋಯ್ತು. ಸಮಿಟ್ ಹತ್ರ ರೋಡ್ ಎಲ್ಲಿ ಮುಗೀತು, ಅಂಚು ಎಲ್ಲಿ ಶುರು ಅಂತ ಗೊತ್ತಾಗ್ತಾ ಇರ್ಲಿಲ್ಲ, ರಸ್ತೆ ಬದಿ ನೆಟ್ಟಿರೋ ಉದ್ದ ಸ್ನೋ ಪೋಲ್‌ಗಳೇ ಗತಿ. ಹೈ ಬೀಮ್ ಹಾಕಿದ್ರೆ ಬೀಳ್ತಿರೋ ಸ್ನೋ ಮೇಲೆ ಬೆಳಕು ಬಿದ್ದು ಎದುರಿಗೆ ಬಿಳಿ ಗೋಡೆ, ಲೋ ಬೀಮಲ್ಲೇ ಹೋಗ್ಬೇಕು. ಸಮಿಟ್ಟಿಂದ ಟ್ರಕ್ಕಿ ಊರಿಗೆ ಸಾವಿರದ ಚಿಲ್ಲರೆ ಅಡಿ ಇಳಿಜಾರು. ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ಗೇರ್ ಲೋಗೆ ಹಾಕಿ, ಎಂಜಿನ್ನೇ ಗಾಡಿ ಹಿಡಿಯೋ ಹಾಗೆ ಬಿಟ್ಟು, ಬ್ರೇಕ್ ಮೇಲೆ ಕಾಲು ಇದ್ದೂ ಇಲ್ದ ಹಾಗೆ ಇಳ್ದೆ. ಕಾರೊಳಗೆ ಯಾರೂ ಒಂದ್ ಮಾತಾಡ್ಲಿಲ್ಲ.

ನಾವು ಬುಕ್ ಮಾಡಿದ್ದ ಮನೆ ಕಿಂಗ್ಸ್ ಬೀಚಲ್ಲಿ, ಅಲ್ಲಿಗೆ ಹೋಗ್ಬೇಕಂದ್ರೆ ಇನ್ನೊಂದು 7,000 ಅಡಿ ದಾಟೋ ಬ್ರಾಕ್‌ವೇ ಸಮಿಟ್ ಹತ್ತಿ ಇಳೀಬೇಕು. ಮ್ಯಾಪ್ ಲೆಕ್ಕದಲ್ಲಿ ಹತ್ರಾನೇ. ಫ್ರೆಂಡಿಗೆ ಹೋಗೋಣ ಅನ್ಸಿತ್ತು, ದುಡ್ಡು ಬೇರೆ ಕೊಟ್ಟಾಗಿತ್ತು. ನಾನು ಬೇಡ ಅಂದೆ, ಅಮ್ಮಾನೂ "ಇವತ್ತಿಗೆ ಸಾಕು ಕಣ್ರಪ್ಪಾ, ಮಕ್ಕಳಿದಾರೆ" ಅಂದ್ರು, ಅಲ್ಲಿಗೆ ಮುಗೀತು. ಟ್ರಕ್ಕೀಲಿ ಒಂದು ಮೋಟೆಲಲ್ಲಿ ಎರಡು ರೂಮ್ ಸಿಕ್ತು. ಆ ರಾತ್ರಿ ಬ್ರಾಕ್‌ವೇ ಕಡೆಯಿಂದ ವಾಪಸ್ ಬಂದವರು ರೂಮಿಲ್ದೆ ಲಾಬೀಲೇ ಮಲಗಿದ್ರು.

ಬೆಳಿಗ್ಗೆ ಎದ್ರೆ ಪಾರ್ಕಿಂಗಲ್ಲಿ ಕಾರುಗಳಿಲ್ಲ, ಬಿಳಿ ದಿಬ್ಬಗಳಿವೆ. ರಾತ್ರೀನೇ ವೈಪರ್ ಎತ್ತಿ ನಿಲ್ಸಿದ್ದಕ್ಕೆ ನಮ್ಮ ಗಾಡಿ ಯಾವ್ದು ಅಂತ ಗೊತ್ತಾಯ್ತು. ಹ್ಯಾಂಡ್ ಬ್ರೇಕ್ ಹಾಕಿರ್ಲಿಲ್ಲ, ಅದು ಹೆಪ್ಪುಗಟ್ಟಿ ಬಿಡದೇ ಹೋಗಬಹುದು, ಸಮತಟ್ಟು ಜಾಗದಲ್ಲಿ ಪಾರ್ಕ್ ಗೇರೇ ಸಾಕು. ಗಾಜಿನ ಮೇಲೆ ಬಿಸಿನೀರು ಹಾಕ್ಬಾರ್ದು, ಬಿರುಕು ಬಿಡತ್ತೆ, ಡಿಫ್ರಾಸ್ಟ್ ಹಾಕಿ ಸ್ಕ್ರೇಪರಲ್ಲಿ ಕೆರೀಬೇಕು. ಛಾವಣಿ ಮೇಲಿನ ಸ್ನೋನೂ ಪೂರ್ತಿ ಇಳಿಸ್ಬೇಕು, ಇಲ್ದಿದ್ರೆ ಬ್ರೇಕ್ ಹಾಕಿದಾಗ ಎಲ್ಲಾ ಮುಂದಿನ ಗಾಜಿನ ಮೇಲೆ ಜಾರತ್ತೆ, ಅಥವಾ ಹಾರಿ ಹಿಂದಿನೋರ ಮೇಲೆ ಬೀಳತ್ತೆ.

ಸ್ನೋ ನಿಂತು ನೀಲಿ ಆಕಾಶ ಬಂದಿತ್ತು. ಡಾನರ್ ಮೆಮೋರಿಯಲ್ ಪಾರ್ಕಿಗೆ ಹೋದ್ವಿ, ಅಲ್ಲಿ ಪಯೊನೀರ್ ಸ್ಮಾರಕದ ಕಲ್ಲಿನ ಪೀಠ 22 ಅಡಿ ಎತ್ತರ, 1846ರ ಚಳಿಗಾಲದ ಸ್ನೋ ಅಷ್ಟು ಆಳ ಇತ್ತು ಅಂತ ತೋರ್ಸೋಕೆ ಕಟ್ಟಿದ್ದು. ಅಮ್ಮ ಕತ್ತೆತ್ತಿ ನೋಡ್ತಾ ತುಂಬಾ ಹೊತ್ತು ನಿಂತ್ರು, "ಚಿಕ್ಕ ಮಕ್ಕಳೂ ಇದ್ರಾ ಅವರ ಜೊತೆ?" ಅಂತ ಕೇಳಿದ್ರು. ತುಂಬಾ ಇದ್ರಮ್ಮ ಅಂದೆ. ಆಮೇಲೆ ಹೈವೇ 89 ತೆಗೆದಿದ್ರಿಂದ ಟಾಹೋ ಸಿಟಿವರೆಗೂ ಹೋಗಿ ಕೆರೆ ನೋಡಿದ್ವಿ. ಸುತ್ತ ಎಲ್ಲಾ ಬಿಳಿ, ನೀರು ಮಾತ್ರ ಕಡುನೀಲಿ. 1,600 ಅಡಿಗಿಂತ ಜಾಸ್ತಿ ಆಳ ಇರೋದ್ರಿಂದ ಈ ಕೆರೆ ಹೆಪ್ಪುಗಟ್ಟಲ್ಲ.

ವಾಪಸ್ ಬರುವಾಗ ಬಿಸಿಲಿತ್ತು, ಆದ್ರೆ ಬಿಸಿಲಿದೆ ಅಂತ ನಂಬೋ ಹಾಗಿಲ್ಲ. ಹಗಲು ಕರಗಿದ ನೀರು ನೆರಳಿರೋ ತಿರುವಲ್ಲಿ, ಸೇತುವೆ ಮೇಲೆ ಮತ್ತೆ ಗಟ್ಟಿಯಾಗಿ ಬ್ಲ್ಯಾಕ್ ಐಸ್ ಆಗಿರತ್ತೆ, ನೋಡೋಕೆ ಬರೀ ಒದ್ದೆ ರೋಡ್ ಥರ. ಸೇತುವೆ ಕೆಳಗೂ ಗಾಳಿ ಆಡೋದ್ರಿಂದ ಅದು ಉಳಿದ ರೋಡಿಗಿಂತ ಮೊದ್ಲು ತಣ್ಣಗಾಗತ್ತೆ. ಬ್ಲೂ ಕ್ಯಾನ್ಯನ್‌ವರೆಗೂ ನಿಧಾನವಾಗೇ ಬಂದ್ವಿ. ಮನೆಗೆ ಬಂದ್ಮೇಲೆ ಚೈನ್‌ಗಳನ್ನ ಹೋಸ್ ಪೈಪಲ್ಲಿ ತೊಳ್ದು, ರೋಡಿಗೆ ಹಾಕೋ ಉಪ್ಪು ಉಳಿದ್ರೆ ತುಕ್ಕು ಹಿಡಿಯತ್ತೆ ಅಂತ, ಬಿಸಿಲಿಗೆ ಹರಡಿದ್ವಿ. ಒಂದು ಕೊಂಡಿ ಸವೆದು ಬಾಯಿ ಬಿಟ್ಟಿತ್ತು. ಆ ಜೊತೆ ತೆಗ್ದಿಟ್ಟು ಮರುದಿನವೇ ಹೊಸದು ತಂದ್ವಿ, ಫೆಬ್ರವರೀಲಿ ಅಮ್ಮ ಮತ್ತೊಂದ್ಸಲ ಹೋಗೋಣ ಅಂತ ಅವರಾಗೇ ಹೇಳಿದ್ರು.