ಸೆಪ್ಟೆಂಬರ್ 18ಕ್ಕೆ ಸ್ಯಾಂಟಿಯಾಗೊ ನೋಡಲು ಹೊರಟವರಿಗೆ: 17ನೇ ತಾರೀಖನ್ನು ಕಳೆದುಕೊಳ್ಳಬೇಡಿ

ಚಿಲಿ ದೇಶದ ರಾಜಧಾನಿ ಸ್ಯಾಂಟಿಯಾಗೊ. ಸೆಪ್ಟೆಂಬರ್ 18 ಅಲ್ಲಿ ಸ್ವಾತಂತ್ರ್ಯದ ಹಬ್ಬ, 19 ಸೇನೆಯ ದಿನ. ಸೆಪ್ಟೆಂಬರ್ 17ರ ರಾತ್ರಿ ಒಂಬತ್ತೂವರೆ. ಒಂದು ದೊಡ್ಡ ಸೂಪರ್‌ಮಾರ್ಕೆಟ್ ಮುಂದೆ ನಾನು ಮತ್ತು ನಮ್ಮ ಮನೆಯವರು ನಿಂತಿದ್ದೆವು. ಶಟರ್ ಎಳೆದಾಗಿತ್ತು. 18 ಮತ್ತು 19 ಅಂಗಡಿ ಇಲ್ಲ ಎಂದು ಚೀಟಿ ಅಂಟಿಸಿದ್ದರು. ನಮ್ಮ ಬ್ಯಾಗಿನಲ್ಲಿ ಇದ್ದದ್ದು ಎರಡು ಬಾಳೆಹಣ್ಣು. ಇಬ್ಬರೂ ಸಸ್ಯಾಹಾರಿಗಳು.

ರಜೆ ಇದೆ ಎಂದು ಗೊತ್ತಿತ್ತು. ಆದರೆ ನಮ್ಮ ಆಗಸ್ಟ್ 15ರ ಹಾಗೆ ಬೆಳಿಗ್ಗೆ ಬಾವುಟ ಹಾರಿಸಿ, ಆಮೇಲೆ ಅಂಗಡಿ ತೆಗೆಯುತ್ತಾರೆ ಅಂದುಕೊಂಡಿದ್ದೆವು. ಅಲ್ಲಿ ಹಾಗಲ್ಲ. ಈ ಎರಡು ದಿನ ಅಂಗಡಿ ಕೆಲಸಗಾರರಿಗೆ ರಜೆ ಕೊಡಲೇಬೇಕು ಎಂದು ಕಾನೂನೇ ಇದೆ. ಹಿಂದಿನ ರಾತ್ರಿ ಒಂಬತ್ತರಿಂದಲೇ ಅದು ಶುರು. ಮಾಲು, ಸೂಪರ್‌ಮಾರ್ಕೆಟ್ ಎಲ್ಲಾ ಬಂದ್. ಅಂಗಡಿಯಲ್ಲಿ ದುಡಿಯುವವರೂ ಮನೆಯಲ್ಲಿ ಹಬ್ಬ ಮಾಡಲಿ ಎನ್ನುವುದು ನನಗೆ ತುಂಬಾ ಇಷ್ಟವಾಯಿತು. ಮೊದಲೇ ತಿಳಿದುಕೊಳ್ಳದೆ ಹೋದದ್ದು ನಮ್ಮ ತಪ್ಪು. ವಾರದ ಯಾವ ದಿನ ಬರುತ್ತದೆ ಎನ್ನುವುದರ ಮೇಲೆ ಕೆಲವು ವರ್ಷ 17 ಅಥವಾ 20ಕ್ಕೂ ರಜೆ ಕೊಡುತ್ತಾರೆ. ಟಿಕೆಟ್ ಮಾಡುವ ಮುಂಚೆ ಆ ವರ್ಷದ ಕ್ಯಾಲೆಂಡರ್ ನೋಡಿ.

ನಾವು ತಡವಾಗಿ ಬಂದದ್ದಕ್ಕೆ ಒಂದು ಬಸ್ಸು ಕಾರಣ. 17ಕ್ಕೆ ವಾಲ್ಪರಾಯಿಸೊ ನೋಡಿ ಬರೋಣ ಎಂದು ಹೊರಟೆವು. ಸಮುದ್ರದ ಪಕ್ಕದ ಊರು, ಸುಮಾರು 120 ಕಿ.ಮೀ. ಮಾಮೂಲಿ ದಿನ ಎರಡು ಗಂಟೆಯೊಳಗೆ ಮುಟ್ಟಬಹುದು. ಹನ್ನೊಂದಕ್ಕೆ ಬರಬೇಕಾದ ಬಸ್ಸು ಹನ್ನೆರಡೂವರೆಗೆ ಬಂತು. ಲೋ ಪ್ರಾಡೊ ಸುರಂಗ ಇನ್ನೂ ದೂರ ಇರುವಾಗಲೇ ಗಾಡಿಗಳ ಸಾಲು ನಿಂತುಬಿಟ್ಟಿತು. ಊರಿಗೆ ಊರೇ ಹಬ್ಬಕ್ಕೆ ಹೊರಟಿತ್ತು. ಬಸ್ಸಿನ ಟಾಯ್ಲೆಟ್‌ಗೆ ಬೀಗ. ಪಕ್ಕದ ಸೀಟಿನ ವಯಸ್ಸಾದ ಹೆಂಗಸು ಎರಡು ಸಲ ಎದ್ದು ಹೋಗಿ ಕೇಳಿದರು. ಕೆಟ್ಟಿದೆ ಎಂದಷ್ಟೇ ಹೇಳಿ ಕಂಡಕ್ಟರ್ ಫೋನ್ ನೋಡುತ್ತಾ ಕೂತ. ಆಕೆ ಸುಮ್ನೆ ಬಂದು ಕಣ್ಣು ಮುಚ್ಚಿ ಕೂತರು. ನನಗೆ ಈಗಲೂ ಬೇಜಾರಾಗುತ್ತದೆ. ವಾಲ್ಪರಾಯಿಸೊ ಮುಟ್ಟಿದಾಗ ಸಂಜೆ ಐದು. ಎರಡು ಗಂಟೆ ಓಡಾಡಿ ವಾಪಸ್ ಬಸ್ಸು ಹತ್ತಿದೆವು. ಆ ಕಡೆಯಿಂದ ರಸ್ತೆ ಖಾಲಿ. ಆದರೂ ಅಂಗಡಿ ತಪ್ಪಿತು.

ಆದ್ದರಿಂದ 17ಕ್ಕೆ ನಗರ ಬಿಟ್ಟು ಹೋಗಬೇಡಿ. ಹೋಗಲೇಬೇಕಿದ್ದರೆ ಎರಡು ದಿನ ಮುಂಚೆ ಹೋಗಿ ಬನ್ನಿ. ಪಶ್ಚಿಮದ ಕಡೆ ಹೋಗುವ ಬಸ್ಸನ್ನು ಅಲಾಮೇಡಾ ನಿಲ್ದಾಣಕ್ಕಿಂತ ಪಹಾರಿತೋಸ್‌ನಲ್ಲಿ ಹತ್ತುವುದು ಒಳ್ಳೆಯದು. ಮೆಟ್ರೊ 1ನೇ ಲೈನಿನಲ್ಲಿ ಅಲ್ಲಿಗೇ ಇಳಿಯಬಹುದು, ಊರೊಳಗಿನ ಟ್ರಾಫಿಕ್ ತಪ್ಪುತ್ತದೆ.

ಎರಡು ದಿನ ನಮ್ಮ ಹೊಟ್ಟೆ ತುಂಬಿಸಿದ್ದು ಹೋಟೆಲ್ ಹಿಂದಿನ ಗಲ್ಲಿಯ ಒಂದು ಚಿಕ್ಕ ಕಿರಾಣಿ ಅಂಗಡಿ. ಮಾಲೀಕರೇ ಗಲ್ಲೆಯಲ್ಲಿ ಕೂತು ವ್ಯಾಪಾರ ಮಾಡುವುದಾದರೆ ಅಂಗಡಿ ತೆಗೆಯಬಹುದಂತೆ. ಗಂಡ ಹೆಂಡತಿ ಇಬ್ಬರೇ, ಕಿಟಕಿಯ ಸರಳಿನ ಸಂದಿಯಿಂದ ಸಾಮಾನು ಕೊಡುತ್ತಿದ್ದರು. ಬ್ರೆಡ್, ಬೆಣ್ಣೆಹಣ್ಣು, ಟೊಮೆಟೊ, ಚೀಸ್ ಸಿಕ್ಕಿತು. ಬೆಣ್ಣೆಹಣ್ಣಿಗೆ ಅಲ್ಲಿ ಪಾಲ್ತಾ ಅನ್ನುತ್ತಾರೆ. ಅದನ್ನು ಬ್ರೆಡ್ಡಿಗೆ ಮೆತ್ತಿ, ಮೇಲೆ ನಮ್ಮ ಶೇಂಗಾ ಚಟ್ನಿಪುಡಿ ಉದುರಿಸಿ ತಿಂದೆವು. ಹಾಂ, ತಿಂಡಿ ಒಯ್ಯುವವರು ಗಮನಿಸಿ. ಕಾಳು, ಹಣ್ಣು, ಹಾಲಿನ ಪದಾರ್ಥ ಏನೇ ಇದ್ದರೂ ವಿಮಾನ ನಿಲ್ದಾಣದ ಫಾರ್ಮಿನಲ್ಲಿ 'ಇದೆ' ಎಂದು ಬರೆಯಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ. ನಾವು ಬರೆದಿದ್ದೆವು. ಹಸಿ ಶೇಂಗಾ ತೆಗೆದುಕೊಂಡರು, ಚಟ್ನಿಪುಡಿ ಬಿಟ್ಟರು.

ರೂಮಿನ ವಿಷಯ. ನಾಲ್ಕು ರಾತ್ರಿಗೆ 2,40,000 ಪೆಸೊ ಎಂದು ಮಾತಾಗಿತ್ತು. ಹೊರಡುವ ದಿನ ಬಿಲ್ಲಿನಲ್ಲಿ 45,600 ಪೆಸೊ ಜಾಸ್ತಿ. ಅಂದರೆ ಸುಮಾರು ನಾಲ್ಕು ಸಾವಿರ ರೂಪಾಯಿ. ಅದು ಅಲ್ಲಿನ 19% ತೆರಿಗೆ. ಹೊರದೇಶದ ಪ್ರವಾಸಿಗಳು ಡಾಲರ್‌ನಲ್ಲಿ ಕೊಟ್ಟು, ಪಾಸ್‌ಪೋರ್ಟ್ ಮತ್ತು ವಿಮಾನ ನಿಲ್ದಾಣದಲ್ಲಿ ಕೊಡುವ ಚಿಕ್ಕ ಚೀಟಿ ತೋರಿಸಿದರೆ ಹೋಟೆಲ್ ರೂಮಿಗೆ ಈ ತೆರಿಗೆ ಇಲ್ಲ. ಪೆಸೊದಲ್ಲಿ ಕೊಟ್ಟರೆ ಇದೆ. ಬಂದ ದಿನವೇ ಕೌಂಟರಿನ ಹುಡುಗ 'ಪೆಸೊ ಕೊಟ್ಟರೆ ನಿಮಗೇ ಸುಲಭ' ಎಂದು ಹೇಳಿ ನಮ್ಮಿಂದ ಪೆಸೊ ತೆಗೆಸಿದ್ದ. ಅದಕ್ಕೆ ಎಟಿಎಂ ಶುಲ್ಕ ಬೇರೆ. ಆ ಚೀಟಿಯನ್ನು ಪಾಸ್‌ಪೋರ್ಟಿನೊಳಗೆ ಜೋಪಾನವಾಗಿ ಇಡಿ. ರೂಮು ಬುಕ್ ಮಾಡುವಾಗಲೇ ತೆರಿಗೆ ಸೇರಿದೆಯೋ ಇಲ್ಲವೋ ಎಂದು ಬರಹದಲ್ಲಿ ಕೇಳಿ.

ಇನ್ನು ಹಬ್ಬ. ನಾನು ಚಿಕ್ಕಂದಿನಿಂದ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ ಬೆಳೆದವಳು. ನೂಕುನುಗ್ಗಲು, ಧೂಳು, ಗದ್ದಲ ನನಗೆ ಖುಷಿ. ಹಾಗಾಗಿ 18ಕ್ಕೆ ಓ'ಹಿಗಿನ್ಸ್ ಪಾರ್ಕಿಗೆ ಹೋಗಿ ಎಂದೇ ಹೇಳುತ್ತೇನೆ. ಗದ್ದಲ ಆಗದವರು ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನದೊಳಗೆ ಬಂದುಬಿಡಿ. ಅಲ್ಲಿ ಸಾಲಾಗಿ ಹಾಕುವ ಊಟ-ಕುಣಿತದ ಚಪ್ಪರಗಳಿಗೆ ಫೋಂಡಾ ಅನ್ನುತ್ತಾರೆ. ಒಳಗೆ ಹೋಗಲು ಟಿಕೆಟ್ ಇದೆ. ಗಂಡು ಹೆಣ್ಣು ಕೈಯಲ್ಲಿ ಕರವಸ್ತ್ರ ಬೀಸುತ್ತಾ ಕ್ವೇಕಾ ಕುಣಿಯುತ್ತಾರೆ. ಎಪ್ಪತ್ತು ದಾಟಿದ ದಂಪತಿ ಕುಣಿದದ್ದನ್ನು ನಿಂತು ನೋಡಿ ನನ್ನ ಕಣ್ಣು ತುಂಬಿತು. ಆಕಾಶದ ತುಂಬ ಗಾಳಿಪಟ. ನಮ್ಮಲ್ಲಿ ಆಷಾಢದ ಗಾಳಿಗೆ ಹಾರಿಸಿದ ಹಾಗೆ, ಅಲ್ಲಿ ಸೆಪ್ಟೆಂಬರ್. ಗಾಜಿನ ಪುಡಿ ಹಚ್ಚಿದ ದಾರ ಅಲ್ಲೂ ನಿಷೇಧ.

ನಮ್ಮಂಥವರಿಗೆ ಊಟದ್ದು ಕಷ್ಟ. 'ಸಿನ್ ಕಾರ್ನೆ' ಎಂದರೆ ಮಾಂಸ ಬೇಡ ಎಂದು ಅರ್ಥ, ಆದರೆ ಅವರ ಮಾತಿನಲ್ಲಿ ಕಾರ್ನೆ ಎಂದರೆ ಮುಖ್ಯವಾಗಿ ದನದ ಮಾಂಸ. ಕೋಳಿ, ಹಂದಿ ಹಾಕಿ ಕೊಡುತ್ತಾರೆ. ಪ್ರತಿಯೊಂದನ್ನೂ ಹೆಸರಿಟ್ಟು ಬೇಡ ಅನ್ನಿ. ಇನ್ನೊಂದು, 'ಮಾಂತೇಕಾ' ಎಂದರೆ ಅಲ್ಲಿ ಬೆಣ್ಣೆಯಲ್ಲ, ಹಂದಿ ಕೊಬ್ಬು. ಎಂಪನಾದಾ ಎಂಬ ದೊಡ್ಡ ಕರ್ಜಿಕಾಯಿಯಂಥದ್ದು, ಕುಂಬಳಕಾಯಿ ಹಾಕಿ ಕರಿದ ಸೋಪೈಪಿಯಾ, ಎರಡರ ಹಿಟ್ಟಿಗೂ ಅದನ್ನು ಹಾಕುವುದುಂಟು. ಕೇಳಿಯೇ ತಿನ್ನಿ. ಅನುಮಾನವಿಲ್ಲದೆ ಕುಡಿಯಬಹುದಾದದ್ದು ಮೋತೆ ಕೋನ್ ಉಎಸಿಯೊ. ಬೇಯಿಸಿದ ಗೋಧಿ, ಒಣಗಿಸಿ ಬೇಯಿಸಿದ ಪೀಚ್ ಹಣ್ಣು, ತಣ್ಣನೆಯ ಸಿಹಿ ಪಾಕ. ನಮ್ಮ ಗೋಧಿ ಹುಗ್ಗಿಯನ್ನು ತಣ್ಣಗೆ ಗ್ಲಾಸಿನಲ್ಲಿ ಕೊಟ್ಟ ಹಾಗೆ. ನಾನು ಒಂದೇ ದಿನ ಮೂರು ಗ್ಲಾಸ್ ಕುಡಿದೆ.

19ಕ್ಕೆ ಅದೇ ಪಾರ್ಕಿನಲ್ಲಿ ಸೇನೆಯ ಪಥಸಂಚಲನ. 1885ರಲ್ಲಿ ಬಂದ ಎಮಿಲ್ ಕೋರ್ನರ್ ಎಂಬ ಜರ್ಮನ್ ಅಧಿಕಾರಿಯ ಕಾಲದಿಂದ ಅವರದ್ದು ಜರ್ಮನ್ ಶಿಸ್ತು. ಕಾಲು ನೇರ ಎತ್ತಿ ನಡೆಯುತ್ತಾರೆ. ಕುದುರೆ ಸವಾರರು ಅಧ್ಯಕ್ಷರಿಗೆ ಕೊಂಬಿನಲ್ಲಿ ಚಿಚಾ ಎಂಬ ಮದ್ಯ ಕೊಡುವ ಪದ್ಧತಿಯೂ ಇದೆ. ನಮಗೆ ಕಂಡದ್ದು ಜಾಸ್ತಿ ಮುಂದಿನವರ ತಲೆ, ಮೇಲೆ ಹಾರಿದ ವಿಮಾನ. ಗ್ಯಾಲರಿ ಆಹ್ವಾನ ಇದ್ದವರಿಗೆ. ಮಂಡಿ ನೋವಿದ್ದವರು ಟಿವಿಯಲ್ಲಿ ನೋಡಿ, ಅದೇ ಚೆನ್ನ. ಹೋಗುವವರು ಮೆಟ್ರೊ 2ನೇ ಲೈನಿನಲ್ಲಿ ಪಾರ್ಕಿನ ಸ್ಟೇಷನ್‌ಗಿಂತ ಒಂದು ಸ್ಟೇಷನ್ ಹಿಂದೆ ತೋಏಸ್ಕಾದಲ್ಲೋ ಮುಂದೆ ರೊಂದಿಜೋನಿಯಲ್ಲೋ ಇಳಿದು ನಡೆಯಿರಿ.

20ಕ್ಕೆ ಲಾ ವೇಗಾ ಸೆಂಟ್ರಲ್ ಮಾರ್ಕೆಟ್ ತೆರೆದಿತ್ತು. ಮಪೋಚೊ ನದಿ ದಾಟಿದರೆ ಸಿಗುವ ತರಕಾರಿ ಮಾರ್ಕೆಟ್. ಈ ಪ್ರವಾಸದ ಒಳ್ಳೆಯ ಊಟ ಸಿಕ್ಕಿದ್ದು ಅದರೊಳಗಿನ ಒಂದು ಕಟ್ಟೆಯಲ್ಲಿ. ಅಡುಗೆ ಮಾಡುವ ಹೆಂಗಸಿಗೆ ನಾನು ಫೋನಿನಲ್ಲಿ ಬರೆದು ತೋರಿಸಿದೆ: ಮಾಂಸ, ಕೋಳಿ, ಮೀನು, ಮಾಂತೇಕಾ, ಯಾವುದೂ ಬೇಡ. ಆಕೆ ಪೂರ್ತಿ ಓದಿದರು. ದೊಡ್ಡ ಪಾತ್ರೆಯ ಕಡೆ ಕೈ ತೋರಿಸಿ ಬೇಡ ಎಂದು ತಲೆ ಆಡಿಸಿದರು. ಇನ್ನೊಂದು ಚಿಕ್ಕ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಪೊರೋತೊಸ್ ಕೋನ್ ರಿಯೆಂದಾಸ್. ಕಾಳು, ಕುಂಬಳಕಾಯಿ, ಶಾವಿಗೆಯಂಥ ಸ್ಪಗೆಟ್ಟಿ ಎಲ್ಲಾ ಒಟ್ಟಿಗೆ ಬೇಯಿಸಿದ ಗಟ್ಟಿ ಸಾರು. ಸಾಮಾನ್ಯವಾಗಿ ಮೇಲೆ ಹಂದಿ ಸಾಸೇಜ್ ಇಡುತ್ತಾರೆ, ನಮಗೆ ಇಡಲಿಲ್ಲ. ಪಕ್ಕದಲ್ಲಿ ಪೆಬ್ರೆ: ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಹಸಿಮೆಣಸು. ಬಿಸಿ ಬ್ರೆಡ್ಡು. ನಾಲ್ಕು ದಿನದ ಮೇಲೆ ಹಸಿಮೆಣಸಿನ ಖಾರ ನಾಲಿಗೆಗೆ ತಾಗಿತು. ಕೇಳದೆಯೇ ಇನ್ನೊಂದು ಸೌಟು ಹಾಕಿದರು, ಥೇಟ್ ನಮ್ಮ ಊರಿನ ಮನೆಗಳಲ್ಲಿ ಮಾಡುವ ಹಾಗೆ. ಒಬ್ಬರಿಗೆ 5,000 ಪೆಸೊ ಆಯಿತು. ಹತ್ತಿರದ ಮೆಟ್ರೊ ಸ್ಟೇಷನ್ ಪತ್ರೊನಾತೊ. ಕೂರುವ ಜಾಗ ಆರೇ ಇರುವುದು, ಮಧ್ಯಾಹ್ನ ಒಂದಕ್ಕೆ ಮುಂಚೆ ಹೋಗಿ.