ಗಂಟಿಲ್ಲದ ಕಾಚೊ ಎ ಪೆಪೆ

ಇವತ್ತು ರೋಮ್‌ನ ತೆಸ್ತಾಚ್ಚೊ ಬಡಾವಣೆಯ ಪುಟ್ಟ ಹೋಟೆಲೊಂದರಲ್ಲಿ ಮೇಜಿಗೆ ಬಂದದ್ದು ಕಾಚೊ ಎ ಪೆಪೆ.
ಪಾಸ್ತಾ, ಪೆಕೊರಿನೊ ರೊಮಾನೊ ಚೀಸ್, ಕಾಳುಮೆಣಸು. ಅಷ್ಟೇ. ಬೆಣ್ಣೆ ಇಲ್ಲ, ಕ್ರೀಮ್ ಇಲ್ಲ.

ಫೋರ್ಕಿಗೆ ಸುತ್ತಿ ಎತ್ತಿದರೆ ಸಾಸ್ ಎಳೆಗೇ ಅಂಟಿಕೊಂಡು ಬರುತ್ತೆ. ತಟ್ಟೆಯಲ್ಲಿ ನೀರು ಬಿಟ್ಟಿಲ್ಲ, ಒಂದು ಗಂಟೂ ಇಲ್ಲ.
ಕೈಗುಣ ಅಂತೀವಿ. ಅಸಲು ವಿಷಯ ಬಿಸಿಯದ್ದು.

ಕುರಿಹಾಲಿನ ಈ ಚೀಸ್ ಸುಮಾರು 65 ಡಿಗ್ರಿ ದಾಟಿದರೆ ಒಡೆಯುತ್ತೆ. ಪ್ರೋಟೀನ್ ಒಂದಕ್ಕೊಂದು ಅಂಟಿ ರಬ್ಬರಿನಂಥ ಉಂಡೆ, ಪಕ್ಕದಲ್ಲಿ ತಿಳಿನೀರು.
ಅದನ್ನ ತಡೆಯೋದು ಪಾಸ್ತಾ ಬೆಂದ ಗಂಜಿ. ಗಂಜಿ ಗಟ್ಟಿಯಾಗಿರಬೇಕು, ಹಾಗಾಗಿ ನೀರು ಕಮ್ಮಿ ಇಡಬೇಕು: ಇಬ್ಬರಿಗೆ 200 ಗ್ರಾಂ ಪಾಸ್ತಾ, ಒಂದೂವರೆ ಲೀಟರ್ ನೀರು. ಉಪ್ಪೂ ಕಮ್ಮಿ, ಚೀಸಲ್ಲೇ ಬೇಕಾದಷ್ಟಿದೆ.

ಮೆಣಸು ತರಿತರಿಯಾಗಿ ಕುಟ್ಟಿ, ಒಣ ಬಾಣಲೆಯಲ್ಲಿ ಘಮ್ಮೆನ್ನುವಷ್ಟು ಹುರಿದು, ಒಂದು ಸೌಟು ಗಂಜಿ.
ನುಣ್ಣಗೆ ತುರಿದ 120 ಗ್ರಾಂ ಚೀಸನ್ನ ಬೇರೆ ಬಟ್ಟಲಲ್ಲಿ, ಸ್ವಲ್ಪ ಆರಿದ ಗಂಜಿ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸೋದು.
ಪಾಸ್ತಾನ ಬಾಣಲೆಗೆ ಹಾಕಿ, ಒಲೆ ಆರಿಸಿ, ಒಂದು ನಿಮಿಷ ಬಿಟ್ಟು, ಆಮೇಲೆ ಚೀಸ್. ಉರಿ ಮೇಲೆ ಬೆರೆಸಿದರೆ ಕೆಟ್ಟಿತು.

ತಟ್ಟೆ ಬಂದ ಕೂಡಲೇ ತಿನ್ನಿ. ಫೋಟೊ ತೆಗೀತಾ ಕೂತರೆ ಸಾಸ್ ಬಿಗಿದುಬಿಡುತ್ತೆ.