ಎಷ್ಟು ಕೊಡುತ್ತಾರೆ ಎಂದು ಕೇಳುವವರಿಗೆ

ಏನೂ ಕೊಡುವುದಿಲ್ಲ. ಪೆಟ್ರೋಲ್ ನನ್ನದು, ಬೂಟು ನನ್ನದು, ಬುತ್ತಿಯೂ ನನ್ನದೇ. ಗ್ಲಾಸ್ಗೋದ ಕನ್ನಡಿಗರು ಯುಗಾದಿಗೆ ಸೇರಲಿ, ರಾಜ್ಯೋತ್ಸವಕ್ಕೆ ಸೇರಲಿ, ನಾನು ರಜೆಯ ದಿನಗಳಲ್ಲಿ ಜನರನ್ನು ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಕರೆದುಕೊಂಡು ಹೋಗುತ್ತೇನೆಂದು ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಏನೂ ಇಲ್ಲ ಎಂದರೆ ಮುಖದಲ್ಲಿ ಕನಿಕರ ಮೂಡುತ್ತದೆ. "ಹೋಗಲಿ ಬಿಡಿ, ಪುಣ್ಯ ಬರುತ್ತದೆ" ಎಂದು ಹೇಳಿ ಕೋಸಂಬರಿಯ ಕಡೆ ತಿರುಗುತ್ತಾರೆ.

ಪ್ರಶ್ನೆಗಿಂತ ಈ ಪುಣ್ಯವೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ನಾನು ಯಾರನ್ನೂ ಉದ್ಧಾರ ಮಾಡಲು ಹೊರಟಿಲ್ಲ. ನನಗೆ ಬೆಟ್ಟ ಇಷ್ಟ, ನಕ್ಷೆ ಓದುವುದು ಇಷ್ಟ, ಹತ್ತು ಜನರನ್ನು ನನ್ನ ಮಾತು ಕೇಳುವಂತೆ ಮಾಡುವುದು ಇನ್ನೂ ಇಷ್ಟ. ಮನೆಯಲ್ಲಿ ಆ ಸೌಲಭ್ಯವಿಲ್ಲ.

ಇನ್ನು ಕೆಲವರಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಬ್ರಿಟನ್ನಿನ ಅತಿ ಎತ್ತರದ ಬೆನ್ ನೆವಿಸ್ 1345 ಮೀಟರ್, ನಮ್ಮ ಮುಳ್ಳಯ್ಯನಗಿರಿ 1930; ಹಾಗಾದರೆ ಅಲ್ಲಿಗೆ ಜೊತೆಗೊಬ್ಬರು ಯಾಕೆ ಬೇಕು, ಎನ್ನುತ್ತಾರೆ. ಮುಳ್ಳಯ್ಯನಗಿರಿಯಲ್ಲಿ ತುದಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಉಳಿದದ್ದಕ್ಕೆ ಮೆಟ್ಟಿಲುಗಳಿವೆ. ಬೆನ್ ನೆವಿಸ್ ಹತ್ತುವವರು ಹೆಚ್ಚುಕಡಿಮೆ ಸಮುದ್ರಮಟ್ಟದಿಂದಲೇ ಕಾಲು ಎತ್ತಬೇಕು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಈ ಬೆಟ್ಟಗಳು 56, 57ರಲ್ಲಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಬೆನ್ ನೆವಿಸ್‌ನ ತುದಿಯಲ್ಲಿ ಮಂಜು ಕವಿದರೆ ಇಳಿಯಲು ದಿಕ್ಸೂಚಿ ಹಿಡಿದು 231 ಡಿಗ್ರಿಯ ನೇರಕ್ಕೆ 150 ಮೀಟರ್ ಎಣಿಸಿ ನಡೆದು, ಆಮೇಲೆ 282 ಡಿಗ್ರಿಗೆ ತಿರುಗಬೇಕು. ಒಂದು ಬದಿಗೆ ಸರಿದರೆ ಉತ್ತರದ ಬಂಡೆಗೋಡೆ, ಇನ್ನೊಂದು ಬದಿಗೆ ಸರಿದರೆ ಫೈವ್ ಫಿಂಗರ್ ಗಲ್ಲಿ ಎಂಬ ಕಡಿದಾದ ಕೊರಕಲು. ಎತ್ತರದ ಲೆಕ್ಕ ಹೇಳುವವರು ಈ ಎರಡು ಅಂಕಿಗಳನ್ನೂ ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು.

ಕುಮಾರ ಪರ್ವತಕ್ಕೆ ಹೋದವರಿಗೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಗೊತ್ತು. ಹೆಸರು ಬರೆಸಬೇಕು, ಶುಲ್ಕ ಕಟ್ಟಬೇಕು. ಇಲ್ಲಿ ಅಂಥದ್ದೇನೂ ಇಲ್ಲ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ, ಜವಾಬ್ದಾರಿಯಿಂದ ನಡೆದುಕೊಳ್ಳುವವರೆಗೆ ಯಾರು ಬೇಕಾದರೂ ಬೆಟ್ಟದಲ್ಲಿ ತಿರುಗಾಡಬಹುದು. ಜಮೀನು ಯಾವ ದೊರೆಯದ್ದಾದರೂ ಸರಿ. ಬಹಳ ಒಳ್ಳೆಯ ಕಾನೂನು. ಆದರೆ ಬೆಳಿಗ್ಗೆ ಎಷ್ಟು ಜನ ಹತ್ತಿದರು, ಸಂಜೆ ಎಷ್ಟು ಜನ ಇಳಿದರು ಎಂದು ಎಣಿಸುವವರು ಯಾರೂ ಇರುವುದಿಲ್ಲ. ಆ ಎಣಿಕೆಯೇ ನನ್ನ ಕೆಲಸ. ಯಾರಾದರೂ ಸಿಕ್ಕಿಕೊಂಡರೆ ಹುಡುಕಿಕೊಂಡು ಬರುವ ಪರ್ವತ ರಕ್ಷಣಾ ತಂಡದವರೂ ಬಹುತೇಕ ಸ್ವಯಂಸೇವಕರೇ, ಅವರೂ ಬಿಲ್ಲು ಕೊಡುವುದಿಲ್ಲ. ಮಧ್ಯರಾತ್ರಿ ಹಾಸಿಗೆ ಬಿಟ್ಟು ಎದ್ದುಬರುವ ಅವರನ್ನು ಹೋಗಿ ಕೇಳಿ, ಎಷ್ಟು ಕೊಡುತ್ತಾರೆಂದು.

"ಸಂಬಳವಿಲ್ಲದಿದ್ದರೆ ಜವಾಬ್ದಾರಿಯೂ ಇಲ್ಲ, ಆರಾಮ" ಎಂದವರೂ ಇದ್ದಾರೆ. ಬಿಟ್ಟಿಯಾಗಿ ಕರೆದುಕೊಂಡು ಹೋದೆನೆಂದು ಜಾರುವ ಕಲ್ಲು ಕಡಿಮೆ ಜಾರುವುದಿಲ್ಲ. ಬೆಟ್ಟದಲ್ಲಿ ಗುಂಪನ್ನು ಮುನ್ನಡೆಸುವವರಿಗೆಂದು ಇರುವ ಮೌಂಟನ್ ಲೀಡರ್ ಅರ್ಹತೆ ಬೇಕೆಂದರೆ, ಪರೀಕ್ಷೆಗೆ ಕೂರುವ ಮೊದಲೇ ಕನಿಷ್ಠ 40 ದಿನಗಳ ಬೆಟ್ಟದ ಅನುಭವ ದಾಖಲಾಗಿರಬೇಕು. ಕತ್ತಲಲ್ಲಿ ನಕ್ಷೆ ಹಿಡಿದು ದಾರಿ ಹುಡುಕುವುದೂ ಪರೀಕ್ಷೆಯಲ್ಲಿದೆ. ಎಲ್ಲ ಚಾರಣ ಸಂಘಗಳೂ ಇದನ್ನು ಕಡ್ಡಾಯ ಮಾಡುವುದಿಲ್ಲ. ಆದರೆ ಹವಾಮಾನ ವರದಿ ಓದದೆ ಹೊರಡುವ ಮುಂದಾಳನ್ನು ಯಾವ ಸಂಘವೂ ಎರಡನೆಯ ಸಲ ಕರೆಯುವುದಿಲ್ಲ.

ನಿಜ ಹೇಳಬೇಕೆಂದರೆ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ತುದಿ ತಲುಪದೆ ಹಿಂದಿರುಗೋಣ ಎಂದು ಯಾವಾಗ ಹೇಳುತ್ತೀರಿ, ಹೇಗೆ ಹೇಳುತ್ತೀರಿ? ಇದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಪರ್ತ್‌ಶೈರಿನ ಶಿಹ್ಯಾಲಿಯನ್ ಬೆಟ್ಟ, 1083 ಮೀಟರ್. ಭೂಮಿಯ ಸಾಂದ್ರತೆ ತಿಳಿಯಲು 1774ರಲ್ಲಿ ಖಗೋಳ ವಿಜ್ಞಾನಿ ನೆವಿಲ್ ಮ್ಯಾಸ್ಕಲಿನ್ ತೂಗುಗುಂಡು ಇಳಿಬಿಟ್ಟು, ಬೆಟ್ಟ ಅದನ್ನು ತನ್ನತ್ತ ಎಷ್ಟು ಸೆಳೆಯುತ್ತದೆಂದು ಅಳೆದದ್ದು ಇಲ್ಲೇ. ಆ ಅಳತೆಗಳನ್ನು ಲೆಕ್ಕಕ್ಕೆ ತರುವಾಗ ಗಣಿತಜ್ಞ ಚಾರ್ಲ್ಸ್ ಹಟನ್ ಒಂದೇ ಎತ್ತರದ ಜಾಗಗಳನ್ನು ಗೆರೆ ಎಳೆದು ಸೇರಿಸಿದರು. ನಾನು ಮಂಜಿನಲ್ಲಿ ನಂಬುವುದು ನಕ್ಷೆಯ ಮೇಲಿನ ಅಂಥ ಗೆರೆಗಳನ್ನೇ. ಕೆಳಗಿನ ದಾರಿ ಸೊಗಸಾಗಿದೆ. ಮೇಲಿನ ಏಣಿನಲ್ಲಿ ಮಾತ್ರ ಬರೀ ಕಲ್ಲುಗುಂಡುಗಳ ರಾಶಿ. ಒಂದು ದಿಬ್ಬವನ್ನು ತುದಿಯೆಂದುಕೊಂಡು ಹತ್ತಿದರೆ ಅದರಾಚೆ ಇನ್ನೊಂದು.

ಅಂದು ಅಕ್ಟೋಬರ್ ತಿಂಗಳು. ಗುಂಪಿನಲ್ಲಿ ಮಗಳ ಮನೆಗೆಂದು ದಾವಣಗೆರೆಯಿಂದ ಬಂದಿದ್ದ ಯಜಮಾನರೊಬ್ಬರಿದ್ದರು, ಗಟ್ಟಿಮುಟ್ಟಾದ ಆಳು. ಕಲ್ಲುರಾಶಿ ಶುರುವಾಗುವ ಹೊತ್ತಿಗೆ ಗಾಳಿ ಎದ್ದಿತು, ಮಳೆ ಅಡ್ಡಡ್ಡಲಾಗಿ ಹೊಡೆಯತೊಡಗಿತು. ನಾನು ನೋಡುತ್ತಿದ್ದದ್ದು ಅವರನ್ನಲ್ಲ, ಕಾರು ಬಿಟ್ಟಾಗಿನಿಂದ ಬಾಯಿ ಮುಚ್ಚದ ಒಬ್ಬ ಹುಡುಗಿಯನ್ನು. ಅವಳು ಸುಮ್ಮನಾಗಿದ್ದಳು. ತಿನ್ನು ಎಂದು ಚಾಕೊಲೇಟ್ ಕೊಟ್ಟೆ. ಹೊದಿಕೆಯ ಅಂಚು ಅವಳ ಬೆರಳಿಗೆ ಸಿಗಲಿಲ್ಲ. ಎರಡು ಸಲ ಉಜ್ಜಿದಳು, ಮೂರನೆಯ ಸಲ ಹಲ್ಲಿಗೆ ಇಟ್ಟುಕೊಂಡು, ಹಾಗೆಯೇ ಮರೆತವಳಂತೆ ಕೈ ಕೆಳಗಿಳಿಸಿದಳು. ಚಳಿ ಮೈಯೊಳಗೆ ಇಳಿಯುವುದು ಹೀಗೆಯೇ. ಮೊದಲು ಮಾತು, ಆಮೇಲೆ ಬೆರಳು, ಆಮೇಲೆ ಕಾಲು. ಕಾಲು ಎಡವುವವರೆಗೆ ಕಾಯಬಾರದು.

ಕಿತ್ತಳೆ ಬಣ್ಣದ ನೈಲಾನ್ ಚೀಲ ಬಿಚ್ಚಿ ಎಲ್ಲರ ತಲೆಯ ಮೇಲೆ ಎಳೆದುಕೊಂಡು ಒಳಗೆ ಕುಳಿತೆವು. ಡೇರೆಯಲ್ಲ, ಕಂಬವಿಲ್ಲ, ಜನರ ಬೆನ್ನೇ ಅದಕ್ಕೆ ಗೋಡೆ. ಐದೇ ನಿಮಿಷದಲ್ಲಿ ಒಳಗೆ ಬೆಚ್ಚಗಾಗುತ್ತದೆ. ಅವಳಿಗೆ ಒಣ ಕೈಗವಸು, ಇನ್ನೊಂದು ಜಾಕೆಟ್, ಫ್ಲಾಸ್ಕಿನ ಬಿಸಿ ಚಹಾ ಕೊಟ್ಟು, ಇಳಿಯೋಣ ಎಂದೆ.

"ಏನಮ್ಮಾ, ತುದಿ ಅಲ್ಲೇ ಕಾಣಿಸುತ್ತಿತ್ತಲ್ಲ!" ಎಂದರು ಯಜಮಾನರು.

"ಅದು ತುದಿಯಲ್ಲ ಸಾರ್."

"ಏನೇ ಇರಲಿ, ಇಷ್ಟು ದೂರ ಬಂದು ಹಾಗೆಯೇ ಹೋಗುವುದೇ? ಆ ಹುಡುಗಿಯ ಜೊತೆ ಒಬ್ಬರನ್ನು ಕಳಿಸಿದರಾಯಿತು."

ಗುಂಪು ಒಡೆಯುವುದಿಲ್ಲ ಎಂದೆ. ಇನ್ನೊಬ್ಬರು ಮನ್ರೋಗಳನ್ನು ಎಣಿಸುವವರು. 3000 ಅಡಿ ಮೀರಿದ ಬೆಟ್ಟಗಳನ್ನು ಹ್ಯೂ ಮನ್ರೋ 1891ರಲ್ಲಿ ಪಟ್ಟಿ ಮಾಡಿದರು. ಈಗ ಆ ಪಟ್ಟಿಯಲ್ಲಿ 282 ಇವೆ, ತುದಿ ಮುಟ್ಟದಿದ್ದರೆ ಒಂದೂ ಲೆಕ್ಕಕ್ಕಿಲ್ಲ. ಅವರು ಒಂದೂ ಮಾತಾಡದೆ ಚೀಲ ಹೆಗಲಿಗೇರಿಸಿದರು. ಆ ಮೌನದಲ್ಲಿದ್ದ ಬೈಗುಳ ನನಗೆ ಚೆನ್ನಾಗಿಯೇ ಕೇಳಿಸಿತು.

ಸಂಬಳವಿಲ್ಲದಿರುವುದರ ಸುಖ ಇಲ್ಲಿದೆ. ಯಾರೂ ನನಗೆ ತುದಿಯ ಬೆಲೆ ಕೊಟ್ಟಿರಲಿಲ್ಲ, ಹಾಗಾಗಿ ನಾನು ಯಾರಿಗೂ ತುದಿಯ ಸಾಲ ಇಟ್ಟುಕೊಂಡಿರಲಿಲ್ಲ. ಹಣ ಪಡೆಯುವ ಮಾರ್ಗದರ್ಶಿಗಳೂ ಹಿಂದಿರುಗಿಸುತ್ತಾರೆ, ಒಳ್ಳೆಯವರು ನನಗಿಂತ ಬೇಗ ಹಿಂದಿರುಗಿಸುತ್ತಾರೆ. ಆದರೆ ಅವರು ಇಳಿದ ಮೇಲೆ ಕಾಸು ಕೊಟ್ಟವರ ಮುಖ ನೋಡಬೇಕು. ನಾನು ನೋಡಬೇಕಾದದ್ದು ಯಜಮಾನರ ಮುಖ ಮಾತ್ರ. ಅವರು ಪಿಟ್ಲಾಕ್ರಿಯ ಚಹಾದಂಗಡಿಯಲ್ಲಿ ಎರಡು ಸ್ಕೋನ್ ತಿಂದ ಮೇಲೂ ಅದನ್ನು ಸಡಿಲಿಸಲಿಲ್ಲ. ಊರಿನಲ್ಲಿ ತೋರಿಸಲು ಫೋಟೊ ಇಲ್ಲವಂತೆ.

ಅದೇ ಮೇಜಿನಲ್ಲಿ ಆ ಹುಡುಗಿ, ಬಾಯಿ ಮತ್ತೆ ಬಂದಿತ್ತು, ನನ್ನ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡಳು. ನಾವು ಎಲ್ಲಿ ಕುಳಿತಿದ್ದೆವು ಎಂದು ಕೇಳಿದಳು. ತೋರಿಸಿದೆ. ಅದು ಇದೇ ಜಾಗ ಎಂದು ಮಂಜಿನಲ್ಲಿ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಹೆಜ್ಜೆ ಎಣಿಸುವುದು, ಗಡಿಯಾರ ನೋಡುವುದು, ನೆಲದ ಇಳಿಜಾರು ಗೆರೆಗಳಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸುವುದು, ಎಲ್ಲವನ್ನೂ ಹೇಳುತ್ತ ಹೋದೆ. ಯಜಮಾನರು ಮೂರನೆಯ ಸ್ಕೋನ್ ತರಿಸಿಕೊಂಡರು, ಬಿಲ್ಲನ್ನು ನಾನೇ ಕೊಟ್ಟೆ.